ಪ್ರತಿಕ್ರಿಯೆ: ಮಾಗಿಯ ಸಂಜೆಗೆ ಒಂದು ಬುಟ್ಟಿ ಅವರೆಕಾಯಿ

ಗಂಡ ಹೆಂಡತಿ ಇಬ್ಬರೂ ದುಡಿಯುವ ನಿಮ್ಮ ಮನೆಯಲ್ಲಿ ಸಂಜೆಯಾದರೆ ಎಲ್ಲರೂ ಮೊಬೈಲು ಹಿಡಿದು ಕೂರುತ್ತಾರೆಂದೂ, ಹೆಚ್ಚು ಖರ್ಚಿಲ್ಲದೆ ಒಟ್ಟಿಗೆ ನೆಮ್ಮದಿಯಿಂದಿರಲು ದಾರಿಯಿದೆಯೇ ಎಂದೂ ಕೇಳಿದ್ದೀರಿ. ಈಗ ಮಾಗಿಯ ಕಾಲವಾದ್ದರಿಂದ ನನ್ನ ಸಲಹೆ ಅವರೆಕಾಯಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಮೈಸೂರು, ಕೋಲಾರದ ಸಂತೆಗಳಿಗೆ ಬರುವ ಕಾಯನ್ನು, ಬೆರಳಿಗೆ ಜಿಡ್ಡು ಅಂಟಿ ಸೊಗಡು ಘಮ್ಮೆನ್ನುತ್ತದೆಯೇ ಎಂದು ನೋಡಿ ಆರಿಸಿಕೊಂಡು, ಬಿಡಿಸಿಟ್ಟ ಕಾಳಿನ ಆಸೆಗೆ ಬೀಳದೆ, ಮನೆಗೆ ತಂದು ಹಳೆಯ ಪತ್ರಿಕೆಯ ಮೇಲೆ ಸುರಿದು, ಎಲ್ಲರೂ ಸುತ್ತ ಕೂತು ಬಿಡಿಸಿ. ಕೈ ಜಿಡ್ಡಾಗುವುದರಿಂದ ಮೊಬೈಲನ್ನು ಯಾರೂ ಸುಲಭವಾಗಿ ಮುಟ್ಟುವುದಿಲ್ಲ. ಹುಳುಕು ಕಾಯಿ ಸಿಕ್ಕಾಗ ಮಕ್ಕಳು ಕಿರುಚುವುದನ್ನು ಮಾತ್ರ ಸಹಿಸಿಕೊಳ್ಳಬೇಕು. ಕಾಳನ್ನು ರಾತ್ರಿ ನೆನೆಹಾಕಿದರೆ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದೊಡನೆ ಸಿಪ್ಪೆಯೊಳಗಿನಿಂದ ಹಸಿರು ಬೇಳೆ ಪುಳಕ್ಕನೆ ಜಾರಿ, ಕೆಲವೊಮ್ಮೆ ಗುರಿ ತಪ್ಪಿ ಎದುರು ಕುಳಿತವರ ಮೇಲೂ ಚಿಮ್ಮುತ್ತದೆ. ಭಾನುವಾರ ಬೆಳಿಗ್ಗೆ ಇದಕ್ಕೆಂದೇ ಅರ್ಧ ಗಂಟೆ ಮೀಸಲಿಡಿ. ಹಿತಕಿದ ಬೇಳೆಯ ಸಾರು ಮಧ್ಯಾಹ್ನಕ್ಕೆ ಸಿದ್ಧವಾದರೆ ಸಾಕು, ಅವಸರ ಬೇಡ.

ಸಂಕ್ರಾಂತಿ ಹತ್ತಿರವಾದಾಗ ಎಳ್ಳುಬೆಲ್ಲವೂ ಇದೇ ಬಗೆಯ ಕೆಲಸ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುವುದು, ಅಚ್ಚುಬೆಲ್ಲ ಕತ್ತರಿಸುವುದು ದೊಡ್ಡವರದಾಗಲಿ, ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜಿ ಊದುವುದು ಮಕ್ಕಳದಾಗಲಿ. ಹೆಚ್ಚಿದ್ದನ್ನು ಬಿಸಿಲಿಗೆ ಒಣಗಿಸಲು ನಾಲ್ಕೈದು ದಿನ ಬೇಕಾಗಬಹುದು. ಆದ್ದರಿಂದ ಹಬ್ಬಕ್ಕೆ ಒಂದು ವಾರ ಮೊದಲೇ ಆರಂಭಿಸಿ, ಅಂಗಡಿಯ ಸಿದ್ಧ ಪೊಟ್ಟಣವನ್ನು ಈ ವರ್ಷ ತರಬೇಡಿ.