ಸಾಲ್ಮನ್ ಋತುವಿಗೆ ಮುನ್ನ: ಸಿಯಾಟಲ್‌ಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ಮಲ್ಪೆಯಿಂದ ಬಂದು ಸಿಯಾಟಲ್‌ನ ಉತ್ತರದ ಉಪನಗರವೊಂದರಲ್ಲಿ ಈಗಷ್ಟೇ ಮನೆ ಹೂಡಿರುವ ನೀವು ಮೂರು ವಿಷಯ ಕೇಳಿದ್ದೀರಿ: ಬೇಸಿಗೆಯಲ್ಲಿ ತೆರೆಯುವ ಸಾಲ್ಮನ್ ಋತುವಿಗೆ ಯಾವ ಗಾಳ ಕೊಳ್ಳಬೇಕು, ದೋಣಿಯಿಲ್ಲದವರು ಎಲ್ಲಿಗೆ ಹೋಗಬೇಕು, ಜೊತೆಗೆ ಬರುವ ಏಳು ವರ್ಷದ ಮಗನಿಗೂ ಪರವಾನಗಿ ಬೇಕೇ. ಗಾಳದ ಪ್ರಶ್ನೆಯನ್ನು ನೀವು ಮೊದಲಿಗೆ ಇಟ್ಟಿದ್ದೀರಿ. ನಾನು ಅದನ್ನು ಹಿಂದಕ್ಕೆ ಸರಿಸುತ್ತೇನೆ. ಇಲ್ಲಿನ ಸಿದ್ಧತೆಯಲ್ಲಿ ಗಾಳದ ಪಾಲು ಸಣ್ಣದು. ಯಾವ ದಿನ, ಯಾವ ನೀರಿನಲ್ಲಿ, ಯಾವ ಮೀನನ್ನು ಮನೆಗೆ ಒಯ್ಯಬಹುದು ಎಂಬುದನ್ನು ಮುಂಚಿತವಾಗಿ ತಿಳಿದುಕೊಳ್ಳುವುದೇ ದೊಡ್ಡ ಪಾಲು, ಮತ್ತು ಅದಕ್ಕೆ ದುಡ್ಡಿಗಿಂತ ತಾಳ್ಮೆ ಹೆಚ್ಚು ಬೇಕು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದು, ಆಗಸ್ಟ್ ಹುಟ್ಟಿದೊಡನೆ ಕಡಲು ಎಲ್ಲರಿಗೂ ಒಂದೇ ಸಲ ತೆರೆಯುವುದನ್ನು ನೀವು ಚಿಕ್ಕಂದಿನಿಂದ ಕಂಡಿದ್ದೀರಿ. ಇಲ್ಲಿ ಅಂಥ ಒಂದು ದಿನವಿಲ್ಲ. ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯು ಕೊಲಂಬಿಯಾ ನದಿ ಕಡಲು ಸೇರುವ ಅಳಿವೆಯಿಂದ ಹಿಡಿದು, ಸಿಯಾಟಲ್ ಎದುರಿನ ಒಳಗಡಲಾದ ಪ್ಯುಜೆಟ್ ಸೌಂಡ್‌ನ ದಕ್ಷಿಣದ ತುದಿಯವರೆಗಿನ ಉಪ್ಪುನೀರನ್ನು 1ರಿಂದ 13ರವರೆಗೆ ಸಂಖ್ಯೆ ಹಾಕಿದ ವಲಯಗಳಾಗಿ ಹಂಚಿದೆ. ಸಿಯಾಟಲ್ ಎದುರಿನ ನೀರು ವಲಯ 10, ಅದರ ಉತ್ತರಕ್ಕೆ ವಲಯ 9, ದಕ್ಷಿಣದಲ್ಲಿ ಟಕೋಮಾ ಕಡೆಯದು ವಲಯ 11. ಪ್ರತಿಯೊಂದು ವಲಯಕ್ಕೂ, ಅದರೊಳಗೆ ಪ್ರತಿಯೊಂದು ಜಾತಿಯ ಸಾಲ್ಮನ್‌ಗೂ ಬೇರೆ ಬೇರೆ ಆರಂಭ, ಬೇರೆ ಬೇರೆ ಮುಕ್ತಾಯ. ಚಿನೂಕ್ ಜಾತಿಗೆ ವಲಯ 9 ಮತ್ತು 10ರಲ್ಲಿ ಸಾಮಾನ್ಯವಾಗಿ ಜುಲೈ ಮಧ್ಯದ ಸುಮಾರಿಗೆ ಅವಕಾಶ ಸಿಗುತ್ತದೆ, ಆದರೆ ನಿಗದಿಪಡಿಸಿದ ಪ್ರಮಾಣ ತುಂಬಿದ ಕೂಡಲೇ ಬಾಗಿಲು ಮುಚ್ಚುತ್ತದೆ. ಕೆಲವು ವರ್ಷಗಳಲ್ಲಿ ಅದು ಬೆರಳೆಣಿಕೆಯ ದಿನಗಳಲ್ಲೇ ಮುಗಿದುಹೋಗಿದೆ. ಇಲಾಖೆಯ ನಿಯಮ ಪುಸ್ತಿಕೆ ಜುಲೈ 1ರಿಂದ ಮರುವರ್ಷದ ಜೂನ್ 30ರವರೆಗೆ ಅನ್ವಯಿಸುತ್ತದೆ. ಪರವಾನಗಿಯ ವರ್ಷವಾದರೋ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಈ ಎರಡು ಪಂಚಾಂಗಗಳು ಒಂದಕ್ಕೊಂದು ಹೊಂದದಿರುವುದು ಏಕೆಂದು ನನ್ನನ್ನು ಕೇಳಬೇಡಿ. ಪುಸ್ತಿಕೆ ಅಚ್ಚಾದ ಮೇಲೂ ತುರ್ತು ನಿಯಮಗಳು ಬರುತ್ತಲೇ ಇರುವುದರಿಂದ, ಹೊರಡುವ ಹಿಂದಿನ ಸಂಜೆ ಇಲಾಖೆಯ ಪ್ರಕಟಣೆಯನ್ನು ನೋಡದೆ ಮನೆಯಿಂದ ಕದಲಬಾರದು.

ಈ ದಿನಾಂಕಗಳು ಹೇಗೆ ಹುಟ್ಟುತ್ತವೆ ಎಂಬುದು ತಿಳಿದರೆ ಅವುಗಳ ಮೇಲಿನ ಸಿಟ್ಟು ಅರ್ಧ ಕಡಿಮೆಯಾಗುತ್ತದೆ. 1854 ಮತ್ತು 1855ರಲ್ಲಿ ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಅಮೆರಿಕ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಅಪಾರ ಭೂಮಿಯನ್ನು ಬಿಟ್ಟುಕೊಟ್ಟವು, ಆದರೆ ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಹಿಡಿಯುವ ಹಕ್ಕನ್ನು ಉಳಿಸಿಕೊಂಡವು. ರಾಜ್ಯವು ಆ ಹಕ್ಕನ್ನು ದಶಕಗಳ ಕಾಲ ಕಡೆಗಣಿಸಿತು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಅವರಂಥವರು ತಮ್ಮದೇ ನದಿಯಲ್ಲಿ ಬಲೆ ಬೀಸಿದ್ದಕ್ಕೆ ಮತ್ತೆ ಮತ್ತೆ ಬಂಧನಕ್ಕೊಳಗಾದರು. ಕೊನೆಗೆ 1974ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು, ಹಿಡಿಯಬಹುದಾದ ಮೀನಿನಲ್ಲಿ ಅರ್ಧದಷ್ಟು ಪಾಲು ಒಪ್ಪಂದದ ಬುಡಕಟ್ಟುಗಳಿಗೆ ಸೇರಿದ್ದೆಂದು ತೀರ್ಪಿತ್ತರು. 1979ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನ ಸಾರವನ್ನು ಎತ್ತಿಹಿಡಿಯಿತು. ಅಂದಿನಿಂದ ಬುಡಕಟ್ಟುಗಳೂ ರಾಜ್ಯವೂ ಸಮಾನ ನಿರ್ವಾಹಕರಾಗಿ, ಪ್ರತಿ ವಸಂತದಲ್ಲಿ ಯಾವ ನದಿಗೆ ಎಷ್ಟು ಮೀನು ಮರಳಿ ಬರಬಹುದು ಎಂಬ ಅಂದಾಜನ್ನು ಮುಂದಿಟ್ಟುಕೊಂಡು ಮಾತುಕತೆ ನಡೆಸಿ ಋತುವನ್ನು ಗೊತ್ತುಮಾಡುತ್ತಾರೆ. ಒರೆಗಾನ್‌ನ ಕೇಪ್ ಫಾಲ್ಕನ್ ಭೂಶಿರದ ಉತ್ತರದ ನೀರಿಗೆ ಸಂಬಂಧಿಸಿದ್ದಾದ್ದರಿಂದ ಈ ಮಾತುಕತೆಗೆ ‘ನಾರ್ತ್ ಆಫ್ ಫಾಲ್ಕನ್’ ಎಂದೇ ಹೆಸರು. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಮ್ಮಂಥವರಿಗೆ ಮುಚ್ಚಿರುವ ದಿನ ಬುಡಕಟ್ಟಿನವರ ಬಲೆ ನೀರಿನಲ್ಲಿರುವುದನ್ನು ನೀವು ಒಂದಲ್ಲ ಒಂದು ದಿನ ನೋಡುತ್ತೀರಿ, ಪಕ್ಕದಲ್ಲಿ ನಿಂತವರು ಅದರ ಬಗ್ಗೆ ಗೊಣಗುವುದನ್ನೂ ಕೇಳುತ್ತೀರಿ. ಆ ಗೊಣಗಾಟವನ್ನು ಕಲಿಯಬೇಡಿ. ನೆನ್ನೆ ಮೊನ್ನೆ ಬಂದ ನಾವು ಅದಕ್ಕೆ ದನಿಗೂಡಿಸುವುದು ಸಭ್ಯತೆಯೂ ಅಲ್ಲ, ನ್ಯಾಯವೂ ಅಲ್ಲ.

ಇನ್ನು ಮೀನನ್ನು ಗುರುತಿಸುವ ವಿಷಯ. ಬಂಗುಡೆ, ಅಂಜಲ್, ಪಾಂಫ್ರೆಟ್‌ಗಳನ್ನು ಬುಟ್ಟಿಯಲ್ಲಿ ನೋಡಿದೊಡನೆ ಹೆಸರಿಸಬಲ್ಲ ನಿಮಗೆ ಇದು ಬೇಗ ಕೈಹತ್ತುತ್ತದೆ, ಆದರೆ ಕಲಿಯದೆ ಕೊಕ್ಕೆ ಹಾಕಬೇಡಿ. ಇಲ್ಲಿಯ ಸಾಲ್ಮನ್ ಐದು ಜಾತಿ: ಚಿನೂಕ್, ಕೊಹೊ, ಸಾಕ್‌ಐ, ಪಿಂಕ್, ಚಮ್. ಚಿನೂಕ್‌ನ ಕೆಳದವಡೆಯ ವಸಡು ಕಪ್ಪು, ಬಾಲದ ಎರಡೂ ಕವಲುಗಳ ಮೇಲೆ ಚುಕ್ಕೆ. ಕೊಹೊ ಮೀನಿನ ಹಲ್ಲಿನ ಬುಡದಲ್ಲಿ ವಸಡು ಬಿಳಿಚು, ಚುಕ್ಕೆಗಳು ಬಾಲದ ಮೇಲಿನ ಕವಲಿನಲ್ಲಿ ಮಾತ್ರ. ಪಿಂಕ್‌ನ ಬಾಲದ ಮೇಲೆ ದೊಡ್ಡ ಅಂಡಾಕಾರದ ಕಲೆಗಳು, ಹುರುಪೆ ಬಹಳ ಸಣ್ಣದು. ಜಾತಿ ತಿಳಿದರೂ ಕೆಲಸ ಮುಗಿಯಲಿಲ್ಲ. ಬೆನ್ನಿನ ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ ಮೂಳೆಯಿಲ್ಲದ, ಕಿರುಬೆರಳ ತುದಿಯಷ್ಟು ಸಣ್ಣದಾದ ಇನ್ನೊಂದು ರೆಕ್ಕೆ ಇರುತ್ತದೆ. ಮರಿಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ ಮರಿಗಳನ್ನು ನದಿಗೆ ಬಿಡುವ ಮುನ್ನ ಬಹುಪಾಲು ಮರಿಗಳ ಈ ರೆಕ್ಕೆಯನ್ನು ಕತ್ತರಿಸುತ್ತಾರೆ. ರೆಕ್ಕೆ ಇಲ್ಲದೆ ಮಾಯ್ದ ಗುರುತಿದ್ದರೆ ಅದು ಸಾಕಿದ ಮೀನು. ಇದ್ದರೆ ಕಾಡುಮೀನೆಂದು ಎಣಿಸಬೇಕು. ಪ್ಯುಜೆಟ್ ಸೌಂಡ್‌ನ ಚಿನೂಕ್ 1999ರಿಂದ ಕೇಂದ್ರ ಸರ್ಕಾರದ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅದನ್ನೇ ಮುಖ್ಯ ಆಹಾರವಾಗಿ ನಂಬಿರುವ ಇಲ್ಲಿನ ಓರ್ಕಾ ತಿಮಿಂಗಿಲಗಳೂ 2005ರಿಂದ ಅಳಿವಿನಂಚಿನ ಪಟ್ಟಿಯಲ್ಲಿವೆ. ಆದ್ದರಿಂದ ರೆಕ್ಕೆ ಇರುವ ಚಿನೂಕ್ ಗಾಳಕ್ಕೆ ಬಂದರೆ ಎಷ್ಟೇ ದೊಡ್ಡದಿದ್ದರೂ ಅದನ್ನು ನೀರಿನಿಂದ ಮೇಲೆತ್ತದೆ, ಫೋಟೋಕ್ಕೂ ಹಿಡಿಯದೆ, ಅಲ್ಲೇ ಕೊಕ್ಕೆ ಬಿಡಿಸಿ ಕಳುಹಿಸಬೇಕು. ಹಿಮ್ಮುಳ್ಳಿಲ್ಲದ, ಒಂದೇ ಮೊನೆಯ ಕೊಕ್ಕೆಯನ್ನೇ ಬಳಸಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ಅಂಗಡಿಯ ಕೊಕ್ಕೆಗೆ ಹಿಮ್ಮುಳ್ಳಿದ್ದರೆ ಅದನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ, ಬಟ್ಟೆಯ ಮೇಲೆ ಎಳೆದು ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಋತು ಆರಂಭವಾಗುವ ಮೊದಲೇ ಕಣ್ಣು ಪಳಗಬೇಕೆಂದಿದ್ದರೆ ಮಗನನ್ನು ಕರೆದುಕೊಂಡು ಸಿಯಾಟಲ್‌ನ ಬ್ಯಾಲರ್ಡ್ ಲಾಕ್ಸ್‌ಗೆ, ಅಂದರೆ ದೋಣಿಗಳನ್ನು ಏರಿಸಿ ಇಳಿಸುವ ಕಾಲುವೆ ಬಾಗಿಲುಗಳ ಬಳಿಗೆ, ಹೋಗಿ. ಅಲ್ಲಿ ಮೀನುಗಳು ಹತ್ತಿ ಹೋಗುವ ಮೆಟ್ಟಿಲುಗಳ ಪಕ್ಕದ ಗಾಜಿನ ಕಿಟಕಿಗಳಲ್ಲಿ ಜುಲೈ ಸುಮಾರಿಗೆ ಸಾಕ್‌ಐ, ಆಮೇಲೆ ಚಿನೂಕ್, ಕೊಹೊ ಕಣ್ಣಳತೆಯಲ್ಲೇ ಸಾಗುತ್ತವೆ.

ಪರವಾನಗಿ 15 ವರ್ಷ ತುಂಬಿದವರಿಗೆ ಬೇಕು, ನಿಮ್ಮ ಮಗನಿಗೆ ಬೇಡ. ಆದರೆ ಹಿಡಿದ ಸಾಲ್ಮನ್ ದಾಖಲಿಸುವ ಕಾರ್ಡ್ ಅವನಿಗೂ ಅವನ ಹೆಸರಿನಲ್ಲೇ ಇರಬೇಕು. ರಾಜ್ಯದಲ್ಲಿ ಸತತ 90 ದಿನ ವಾಸವಿದ್ದು ಇಲ್ಲೇ ನೆಲೆಸುವ ಉದ್ದೇಶವಿರುವವರಿಗೆ ನಿವಾಸಿಗಳ ದರ ಅನ್ವಯಿಸುತ್ತದೆ, ಅಷ್ಟು ದಿನ ತುಂಬದವರು ಹೊರಗಿನವರ ದುಬಾರಿ ದರ ತೆರಬೇಕು. ನಿಮ್ಮ ದಿನಗಳನ್ನು ಎಣಿಸಿ ನೋಡಿ, ಜುಲೈ ಹೊತ್ತಿಗೆ ಬಹುಶಃ ತುಂಬಿರುತ್ತವೆ. ದಂಡೆಯ ಮೇಲೆ ನಿಂತು ಉಪ್ಪುನೀರಿನಲ್ಲಿ ಮಾತ್ರ ಹಿಡಿಯುವುದಾದರೆ ಉಪ್ಪುನೀರಿನ ಪರವಾನಗಿ ಸಾಕು. ಮೀನು ಕೈಗೆ ಬಂದ ತಕ್ಷಣ, ಮುಂದಿನ ಬೀಸಿಗೆ ಮೊದಲೇ, ಕಾರ್ಡಿನಲ್ಲಿ ಶಾಯಿಯಿಂದ ಬರೆಯಬೇಕು. ಪೆನ್ ಮರೆತು ಬಂದವರನ್ನು ಅಧಿಕಾರಿಗಳು ಮನ್ನಿಸುವುದಿಲ್ಲ. ವೀಸಾದ ಮೇಲಿರುವ ನೀವು ಇನ್ನೊಂದು ಮಾತನ್ನು ಮನಸ್ಸಿನಲ್ಲಿಡಬೇಕು: ಇಲ್ಲಿನ ಮೀನುಗಾರಿಕೆಯ ಉಲ್ಲಂಘನೆಗಳಲ್ಲಿ ಕೆಲವು ವಾಹನ ನಿಲುಗಡೆಯ ದಂಡದಂಥವಲ್ಲ, ಕ್ರಿಮಿನಲ್ ಅಪರಾಧಗಳು. ಹಿಡಿದ ಮೀನನ್ನು ಸ್ನೇಹಿತರೊಡನೆ ಹಂಚಿ ತಿನ್ನಬಹುದು, ಮಾರುವಂತಿಲ್ಲ.

ದೋಣಿಯಿಲ್ಲವೆಂಬ ಚಿಂತೆ ಬೇಡ. ಚಿನೂಕ್ ಸಾಮಾನ್ಯವಾಗಿ ಆಳದಲ್ಲಿರುವುದರಿಂದ ದೋಣಿಯವರ ಪಾಲಿಗೆ ಬಿಡಿ. ದಂಡೆಯವರ ಕಾಲ ಆಗಸ್ಟ್‌ನಿಂದ ಆರಂಭ. ಪಿಂಕ್ ಸಾಲ್ಮನ್‌ನ ಆಯುಸ್ಸು ಸರಿಯಾಗಿ ಎರಡು ವರ್ಷ, ಹಾಗಾಗಿ ಪ್ಯುಜೆಟ್ ಸೌಂಡ್‌ಗೆ ಅದು ದೊಡ್ಡ ಸಂಖ್ಯೆಯಲ್ಲಿ ಬರುವುದು ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ: 2023, 2025, ಇನ್ನು 2027. ಆ ಆಗಸ್ಟ್‌ನಲ್ಲಿ ಹೊಸಬರಿಗೂ ಮೀನು ಸಿಗುತ್ತದೆ. ಸಮ ವರ್ಷಗಳಲ್ಲಿ ಸೆಪ್ಟೆಂಬರ್‌ನ ಕೊಹೊಗಾಗಿ ಕಾಯಬೇಕು. ನಿಮ್ಮ ಕಡೆಯಿಂದ ಎಡ್ಮಂಡ್ಸ್‌ನ ಮೀನುಗಾರಿಕಾ ಕಟ್ಟೆ (ಪಿಯರ್) ಹತ್ತಿರ, ಮಗನೊಡನೆ ಹೋಗಲು ಅದೇ ಸುರಕ್ಷಿತ. ವಿಡ್ಬಿ ದ್ವೀಪದ ಬುಷ್ ಪಾಯಿಂಟ್‌ನಲ್ಲಿ ಮೀನು ದಂಡೆಗೆ ಹತ್ತಿರ ಹಾದುಹೋಗುತ್ತದೆ, ಆದರೆ ಅಲ್ಲಿ ನೀರಿನ ಸೆಳೆತ ಜೋರು, ಜನಸಂದಣಿಯೂ ಹೆಚ್ಚು. ಕೆಲವು ಕಟ್ಟೆಗಳಿಗೆ ಸುತ್ತಲಿನ ನೀರಿಗಿಂತ ಬೇರೆ ನಿಯಮಗಳಿರುತ್ತವೆ, ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಬೆಳಗಿನ ಜಾವವೂ ಉಬ್ಬರ ಇಳಿತಗಳು ತಿರುಗುವ ಹೊತ್ತೂ ಒಳ್ಳೆಯವು, ಅದನ್ನು ಮಲ್ಪೆಯವರಿಗೆ ಹೇಳಬೇಕಾಗಿಲ್ಲ.

ಈಗ ಗಾಳ. ಎಂಟೂವರೆಯಿಂದ ಒಂಬತ್ತು ಅಡಿಯ ಮಧ್ಯಮ ಬಿಗಿಯ ಕೋಲು, 3000 ಅಥವಾ 4000 ಗಾತ್ರದ ಸ್ಪಿನ್ನಿಂಗ್ ರೀಲ್, ತೆಳುವಾದ ಹೆಣೆದ ದಾರ, ಅದರ ತುದಿಗೆ ಕೆಲವು ಅಡಿ ಪಾರದರ್ಶಕ ಎಳೆ ಇಷ್ಟಿದ್ದರೆ ಸಾಕು. ಎರೆಗೆ ಬಝ್ ಬಾಂಬ್ ಎಂಬ ತೂಕದ ಲೋಹದ ತುಂಡು ಇಲ್ಲಿನ ದಂಡೆಗಳಲ್ಲಿ ಹಳೆಯ ರೂಢಿ. ಪಿಂಕ್ ಬರುವ ವರ್ಷ ಗುಲಾಬಿ ಬಣ್ಣದ್ದನ್ನು ಜೂನ್‌ನಲ್ಲೇ ಕೊಂಡಿಡಿ, ಆಗಸ್ಟ್‌ನಲ್ಲಿ ಅಂಗಡಿಯ ಗೂಟಗಳು ಖಾಲಿಯಾಗಿರುತ್ತವೆ. ಗಂಟಿಲ್ಲದ ಕೈಬಲೆ, ಇಕ್ಕಳ, ಮಂಜುಗಡ್ಡೆ ತುಂಬಿದ ಪೆಟ್ಟಿಗೆ, ಪೆನ್. ದುಬಾರಿ ಕೋಲು ಕೊಳ್ಳುವ ಆಸೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ, ಏಕೆಂದರೆ ಕಡಲ ಬದಿಯಲ್ಲಿ ಬೆಳೆದವರೇ ಇದನ್ನು ಹಗುರವಾಗಿ ಕಾಣುತ್ತಾರೆ. ಇಲ್ಲಿನ ನೀರು ಬೇಸಿಗೆಯಲ್ಲೂ ಹತ್ತು ಹನ್ನೆರಡು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು ಕೊರೆಯುತ್ತಿರುತ್ತದೆ. ಅರಬ್ಬಿ ಸಮುದ್ರದಲ್ಲಿ ಈಜಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಿದ್ದ ಕ್ಷಣದಲ್ಲೇ ಉಸಿರು ಸಿಕ್ಕಿಕೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ಸ್ನೇಹಿತರ ದೋಣಿ ಹತ್ತಿದರೆ ಜೀವರಕ್ಷಕ ಜಾಕೆಟ್ ಪೆಟ್ಟಿಗೆಯಲ್ಲಲ್ಲ, ಮೈಮೇಲಿರಬೇಕು; 19 ಅಡಿಗಿಂತ ಚಿಕ್ಕ ದೋಣಿ ಸಾಗುತ್ತಿರುವಾಗ 12 ವರ್ಷದವರೆಗಿನ ಮಕ್ಕಳಿಗೆ ಅದು ಕಾನೂನಿನಿಂದಲೇ ಕಡ್ಡಾಯ.

ಇಟ್ಟುಕೊಳ್ಳಬಹುದಾದ ಮೀನು ಸಿಕ್ಕ ಕೂಡಲೇ ತಲೆಗೆ ಹೊಡೆದು, ಕಿವಿರು ಕತ್ತರಿಸಿ ರಕ್ತ ಹರಿಸಿ, ಮಂಜುಗಡ್ಡೆಯಲ್ಲಿಡಿ. ಪಿಂಕ್‌ನ ಮಾಂಸ ಮೆದು, ಬಿಸಿಲಿಗೆ ಬಿಟ್ಟರೆ ಮಧ್ಯಾಹ್ನದೊಳಗೆ ಹಿಟ್ಟಾಗುತ್ತದೆ. ನಮ್ಮ ರೂಢಿಯಂತೆ ದಂಡೆಯಲ್ಲೇ ಕುಳಿತು ತುಂಡು ಮಾಡಬೇಡಿ. ಜಾತಿ, ಉದ್ದ, ರೆಕ್ಕೆಯ ಗುರುತು ತನಿಖೆಗೆ ಕಾಣುವಂತೆ ಮೀನು ಇಡಿಯಾಗಿ ಮನೆ ಸೇರಬೇಕು. ಗಸಿಗೆ ಕೊಹೊ ಒಪ್ಪುತ್ತದೆ, ಮಸಾಲೆ ಚೆನ್ನಾಗಿ ಕುದಿದ ಮೇಲೆ ಕೊನೆಗೆ ತುಂಡು ಹಾಕಿ ಬೇಗ ಇಳಿಸಬೇಕು. ಪಿಂಕ್ ರವಾ ಹಚ್ಚಿ ಕಾವಲಿಯಲ್ಲಿ ಕಾಯಿಸಲು ಚೆಂದ. ಹಿಡಿದು ತಂದದ್ದನ್ನು ಹಸಿಯಾಗಿ ತಿನ್ನುವ ಸಹೋದ್ಯೋಗಿಗಳ ಉತ್ಸಾಹಕ್ಕೆ ಮಣಿಯಬೇಡಿ, ಕಾಡು ಸಾಲ್ಮನ್‌ನಲ್ಲಿ ಪರಾವಲಂಬಿ ಹುಳುಗಳಿರುವುದು ಸಾಮಾನ್ಯ, ಬೇಯಿಸಿದರೆ ಭಯವಿಲ್ಲ.

ಋತು ಮುಗಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ನಿಮ್ಮ ಕಾರ್ಡನ್ನೂ ಮಗನ ಕಾರ್ಡನ್ನೂ ಏಪ್ರಿಲ್ 30ರೊಳಗೆ ಇಲಾಖೆಗೆ ಒಪ್ಪಿಸಬೇಕು, ಇಡೀ ವರ್ಷ ಒಂದೂ ಮೀನು ಸಿಗದಿದ್ದರೂ ಸರಿಯೇ. ಮುಂದಿನ ವರ್ಷದ ಅಂದಾಜು ಮಾಡುವವರಿಗೆ ಖಾಲಿ ಕಾರ್ಡೂ ಲೆಕ್ಕಕ್ಕೆ ಬೇಕಾಗುತ್ತದೆ.