ಎಐ ಕಾಮಿಕ್ಸ್ ಇಟ್ಟುಕೊಂಡು ಪಾಠ ಮಾಡಿದರೆ ಮಕ್ಕಳ ತಲೆಗೆ ಹತ್ತುತ್ತಾ?

ಮೈಸೂರಿನ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ, ಎಐ ಕೈಲಿ ಕಾಮಿಕ್ಸ್ ಮಾಡಿಸಿ ತೋರಿಸಿದರೆ ಪಾಠ ತಲೆಗೆ ಹತ್ತುತ್ತಾ ಇಲ್ಲಾ ಬರೀ ಶೋಕಿಯಾ ಅಂತ ಕೇಳಿದ್ದೀರಿ. ಮಾಡಿಸಿ ತೋರಿಸಿ ಸುಮ್ಮನಾದರೆ ಶೋಕಿಯೇ. ನಾನೂ ಮೊದಲು ಅದನ್ನೇ ಮಾಡಿದ್ದು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ನಾನಿರುವುದು ಪಾಂಡವಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಮೊದಲ ಕಾಮಿಕ್ಸ್ ಕನ್ನಂಬಾಡಿ ಕಟ್ಟೆಯದ್ದು. ನಮ್ಮೂರ ಕಡೆ ಕೆಆರ್‌ಎಸ್ ಅನ್ನುವುದಕ್ಕಿಂತ 'ಕಟ್ಟೆ' ಅನ್ನುವುದೇ ಜಾಸ್ತಿ. ಭಾನುವಾರ ಮೂರು ಗಂಟೆ ಕೂತು ಎಂಟು ಚೌಕದ ಕಥೆ ಮಾಡಿಸಿದೆ. ಕಥೆಯೂ ಎಐದೇ, ಚಿತ್ರವೂ ಎಐದೇ. ಬಣ್ಣ ನೋಡಿ ನನಗೇ ಹೆಮ್ಮೆ. ಸೋಮವಾರ ಸ್ಮಾರ್ಟ್ ಕ್ಲಾಸ್ ಪರದೆ ಮೇಲೆ ಹಾಕಿದಾಗ ಮಕ್ಕಳೂ "ಸೂಪರ್ ಮಿಸ್" ಅಂದರು. ಬುಧವಾರ ಕಟ್ಟೆ ಕೆಲಸ ಯಾವ ವರ್ಷ ಶುರುವಾಯಿತು ಅಂತ ಕೇಳಿದರೆ ಒಬ್ಬರೂ ಬಾಯಿಬಿಡಲಿಲ್ಲ. ಕೊನೆ ಬೆಂಚಿನ ಒಬ್ಬ ಮಾತ್ರ ಕೈ ಎತ್ತಿ, "ಮಿಸ್, ಅದ್ರಲ್ಲಿ ಜೆಸಿಬಿ ಇತ್ತಲ್ಲ, ಆಗ್ಲೂ ಜೆಸಿಬಿ ಇತ್ತಾ?" ಅಂದ.

ಮನೆಗೆ ಹೋಗಿ ನೋಡಿದೆ. ಮೂರನೇ ಚೌಕದ ಮೂಲೆಯಲ್ಲಿ, ಕೂಲಿಯವರ ಹಿಂದೆ, ಹಳದಿ ಯಂತ್ರವೊಂದು ಸೊಂಡಿಲು ಎತ್ತಿ ನಿಂತಿತ್ತು! ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅವನ ಆ ಒಂದು ಪ್ರಶ್ನೆಯಿಂದಲೇ ನನ್ನ ಪಾಠದ ರೀತಿ ಬದಲಾಯಿತು. ಮರುದಿನ ಅದೇ ಕಾಮಿಕ್ಸ್ ಜೆರಾಕ್ಸ್ ಮಾಡಿಸಿ ಇಬ್ಬರಿಗೊಂದು ಹಾಳೆ ಕೊಟ್ಟು, "ಇದರಲ್ಲಿ ತಪ್ಪುಗಳಿವೆ, ಎಷ್ಟು ಅಂತ ನನಗೂ ಗೊತ್ತಿಲ್ಲ, ಪುಸ್ತಕ ತೆಗೆದು ಹುಡುಕಿ" ಅಂದೆ. ಅವತ್ತಿನ ನಲವತ್ತು ನಿಮಿಷ ನೀವು ನೋಡಬೇಕಿತ್ತು. ಕೂಲಿಯವರ ತಲೆ ಮೇಲೆ ಹೆಲ್ಮೆಟ್ಟು. ವಿಶ್ವೇಶ್ವರಯ್ಯನವರಿಗೆ ಮೈಸೂರು ಪೇಟದ ಬದಲು ರಾಜಸ್ಥಾನದ ಮದುವೆ ಗಂಡಿನ ಬಣ್ಣದ ರುಮಾಲು. ಕಟ್ಟೆಯನ್ನು ಎರಡು ಬೆಟ್ಟದ ಸಂದಿಯಲ್ಲಿ ನುಣ್ಣನೆಯ ಕಾಂಕ್ರೀಟ್ ಗೋಡೆಯ ಹಾಗೆ ಬಿಡಿಸಿತ್ತು. "ಬೆಟ್ಟ ಎಲ್ಲದೆ ಮಿಸ್ ಅಲ್ಲಿ?" ಅಂತ ಒಬ್ಬಳು ಕೇಳಿದ್ದೇ ತಡ, ನಾನು ಪಾಠ ಅಲ್ಲಿಂದಲೇ ಎತ್ತಿಕೊಂಡೆ. ಎರಡು ಕಡೆ ಬೆಟ್ಟ ಒತ್ತಿಕೊಂಡಿಲ್ಲ, ಕಣಿವೆ ಅಗಲ, ಅದಕ್ಕೇ ಕಟ್ಟೆ ಎರಡೂವರೆ ಕಿಲೋಮೀಟರಿಗೂ ಉದ್ದ. ಕಟ್ಟಿದ್ದು ಕಲ್ಲಿನಲ್ಲಿ, ಸಿಮೆಂಟ್ ಬದಲು ಸುರ್ಕಿ ಗಾರೆ ಹಾಕಿ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಅದನ್ನು ಸುಣ್ಣದ ಜೊತೆ ಅರೆಯುವುದು. ಗಾರೆ ಕೆಲಸದವರ ಮಗನೊಬ್ಬ ಅರೆಯುವುದು ಹೇಗೆ ಅಂತ ಕೈಯಲ್ಲೇ ತೋರಿಸಿದ.

ಕಡೇ ಚೌಕದಲ್ಲಿ ಕಟ್ಟೆ ಪೂರ್ತಿಯಾಗಿದೆ, 'ದಿವಾನ್' ವಿಶ್ವೇಶ್ವರಯ್ಯನವರು ಅದರ ಮೇಲೆ ನಿಂತು ಕೈ ಬೀಸುತ್ತಿದ್ದಾರೆ. ಎಲ್ಲರಿಗೂ ಇಷ್ಟವಾದ ಚಿತ್ರ ಅದೇ. ಇಬ್ಬರು ಹುಡುಗಿಯರು ಇಸವಿ ಇಟ್ಟುಕೊಂಡು ಲೆಕ್ಕ ಹಾಕಿದರು. ಕೆಲಸ ಶುರುವಾದದ್ದು 1911, ಆಗ ಅವರು ಮುಖ್ಯ ಎಂಜಿನಿಯರ್. ದಿವಾನರಾಗಿದ್ದು 1912ರಿಂದ 1918. ಕಟ್ಟೆ ಮುಗಿದಾಗ 1930ರ ದಶಕ ಬಂದಿತ್ತು, ದಿವಾನರ ಕುರ್ಚಿಯಲ್ಲಿ ಮಿರ್ಜಾ ಇಸ್ಮಾಯಿಲ್ ಇದ್ದರು. ಹಾಗಾದರೆ ಈ ಚಿತ್ರ ಸುಳ್ಳು! ನಾನು ಹತ್ತು ವರ್ಷದಿಂದ ಆ ಇಸವಿಗಳನ್ನು ಬೋರ್ಡ್ ಮೇಲೆ ಬರೆದಿದ್ದೇನೆ, ಯಾರೂ ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ. ಉಳಿದಿದ್ದ ಒಂದು ತಪ್ಪು ನಾನು ಹಿಡಿದದ್ದು. 1911ರ ಚೌಕದಲ್ಲೇ ಅವರನ್ನು 'ಸರ್ ಎಂ.ವಿ.' ಅಂತ ಕರೆದಿತ್ತು. ಆ ಬಿರುದು ಬಂದದ್ದು 1915ರಲ್ಲಿ.

ಎರಡನೇ ಸಲ ಶಿವಪುರ ಧ್ವಜ ಸತ್ಯಾಗ್ರಹ ತೆಗೆದುಕೊಂಡೆ. ಮದ್ದೂರಿನ ಪಕ್ಕದಲ್ಲೇ, 1938ರ ಏಪ್ರಿಲ್‌ನಲ್ಲಿ ನಡೆದದ್ದು. ಎಐ ಬಾವುಟದ ನಡುವೆ ಅಶೋಕ ಚಕ್ರ ಬಿಡಿಸಿಕೊಟ್ಟಿತು. ನಾನು ತಿದ್ದಲಿಲ್ಲ, ಹಾಗೇ ಕೊಟ್ಟೆ. ಚಕ್ರ ಬಂದದ್ದು 1947ರಲ್ಲಿ, ಅದಕ್ಕೆ ಮುಂಚೆ ಅಲ್ಲಿದ್ದದ್ದು ಚರಕ ಅಂತ ಮಕ್ಕಳೇ ಹುಡುಕಿ, ಚಕ್ರದ ಮೇಲೆ ಬಿಳಿ ಕಾಗದ ಅಂಟಿಸಿ ಚರಕ ಬರೆದರು. ಅವರ ಚರಕ ಹೊಲಿಗೆ ಮಿಷನ್ ಥರ ಇತ್ತು ಅನ್ನುವುದು ಬೇರೆ ಮಾತು.

ಇನ್ನು ಮಾತಿನ ಗುಳ್ಳೆಗಳು. ಎಐ ಅಕ್ಷರವನ್ನೂ ಚಿತ್ರದ ಹಾಗೇ ಬಿಡಿಸುತ್ತದೆ. ನನ್ನ ಚಿತ್ರಗಳಲ್ಲಿ ಇಂಗ್ಲಿಷ್ ಹೇಗೋ ಪಾರಾಯಿತು, ಕನ್ನಡದ ಒತ್ತು, ಕೊಂಬು, ದೀರ್ಘ ಎಲ್ಲ ಕಲಸುಮೇಲೋಗರ. 'ಕಟ್ಟೆ' ಅನ್ನುವ ಎರಡಕ್ಷರ ಬರೆಯಲು ಹೇಳಿದರೆ ಒಂದ್ಸಲ ತೆಲುಗಿನಂತೆ, ಒಂದ್ಸಲ ಜಿಲೇಬಿಯಂತೆ ಬಂತು. ಬೇಸತ್ತು ಗುಳ್ಳೆ ಖಾಲಿ ಬಿಡಿಸಿಕೊಂಡೆ. ನೋಡಿದರೆ ಇಡೀ ಪ್ರಯೋಗದಲ್ಲಿ ಹೆಚ್ಚು ಫಲ ಕೊಟ್ಟಿದ್ದು ಆ ಖಾಲಿ ಗುಳ್ಳೆಯೇ.

ಹಳೇ ಕನ್ನಂಬಾಡಿ ಊರು ಮುಳುಗುವ ಮುಂಚೆ ಜನ ಗಂಟುಮೂಟೆ ಕಟ್ಟಿಕೊಂಡು ಹೊರಡುವ ಚೌಕ ಒಂದಿದೆ. ಹಿಂದೆ ವೇಣುಗೋಪಾಲಸ್ವಾಮಿ ದೇವಸ್ಥಾನ, ಮುಂದೆ ಅಪ್ಪ, ಮಗಳು. ಎಐ ಬರೆದ ಕಥೆಯಲ್ಲಿ ಆ ಅಪ್ಪ, "ಮಗಳೇ, ನಾಡಿನ ಅಭಿವೃದ್ಧಿಗಾಗಿ ನಾವು ತ್ಯಾಗ ಮಾಡಲೇಬೇಕು" ಅನ್ನುತ್ತಾನೆ. ನಮ್ಮ ಎಂಟನೇ ಕ್ಲಾಸಿನ ಹುಡುಗಿ ಮಗಳ ಗುಳ್ಳೆಯಲ್ಲಿ ಬರೆದದ್ದು: "ಅಪ್ಪ, ದೇವ್ರು ಮುಳ್ಗೋಯ್ತನಾ?" ಅಪ್ಪನ ಗುಳ್ಳೆಯಲ್ಲಿ: "ದೇವ್ರು ಈಜ್ಕಂಡು ಬತ್ತನೆ ಕಣವ್ವ. ಹೊಲ ಬರಾಕಿಲ್ಲ."

ನಾನು ಆ ಹಾಳೆಯನ್ನು ವಾಪಸ್ ಕೊಟ್ಟಿಲ್ಲ, ನನ್ನ ಬೀರುವಿನಲ್ಲಿದೆ.

ಕೆಲವು ಕಸುಬಿನ ಮಾತು. ಬಣ್ಣದ ಚಿತ್ರ ಮಾಡಿಸಬೇಡಿ. ಜೆರಾಕ್ಸ್‌ನಲ್ಲಿ ರಾತ್ರಿ ದೃಶ್ಯ ಇದ್ದಲಿನ ಹಾಗೆ ಬರುತ್ತದೆ. 'ಬಿಳಿ ಹಿನ್ನೆಲೆ, ಬರೀ ಕಪ್ಪು ಗೆರೆ, ನೆರಳು ಬೇಡ' ಅಂತ ಹೇಳಿ. ಪಾತ್ರದ ಮುಖ ಚೌಕದಿಂದ ಚೌಕಕ್ಕೆ ಬದಲಾಗುತ್ತದೆ, ಅದಕ್ಕೆ ಗುರುತೊಂದು ಕೊಡಿ. ನನ್ನ ಹುಡುಗಿಗೆ ಎರಡು ಜಡೆ, ಚೌಕಳಿ ಲಂಗ, ಕಂಕುಳಲ್ಲಿ ಕುರಿಮರಿ. ಮುಖ ಬದಲಾದರೂ ಕುರಿಮರಿಯಿಂದ ಗುರುತು ಸಿಗುತ್ತದೆ. ನಾಲ್ಕು ಚೌಕ ಸಾಕು, ಎಂಟು ಹೆಚ್ಚಾಯಿತು. ನಿಮ್ಮ ಫೋನಿನಲ್ಲೇ ಮಾಡಿ, ಮಕ್ಕಳ ಫೋಟೋ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಅವರೇ 'ನಮ್ಮನ್ನ ಹೀರೋ ಮಾಡಿ' ಅಂತ ದುಂಬಾಲು ಬಿದ್ದರೂ ಸರಿ. ನಕಾಶೆ, ಹೃದಯದ ಚಿತ್ರ, ಹೂವಿನ ಭಾಗಗಳು, ಇಂಥವಕ್ಕೆ ಎಐ ಬೇಡವೇ ಬೇಡ. ಅಲ್ಲಿನ ತಪ್ಪು ಮಕ್ಕಳಿಗೆ ಕಾಣದೆ ಹಾಗೇ ತಲೆಯಲ್ಲಿ ಕೂರುತ್ತದೆ.

ಇನ್ನೊಂದು ಭಯವೂ ನನಗಿದೆ. ಅರಮನೆಯವರು ಒಡವೆ ಮಾರಿ ಕಟ್ಟೆ ಕಟ್ಟಿಸಿದರು ಅನ್ನುವುದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಅದನ್ನು ಎಐ ಕೈಲಿ ಬಿಡಿಸಿದರೆ ಸಿನಿಮಾ ದೃಶ್ಯದ ಹಾಗೆ ಬರುತ್ತದೆ, ಆಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅಂಥ ಚೌಕದ ಮೇಲೆ ನಾನು 'ಜನ ಹೇಳುವ ಮಾತು' ಅಂತ ಪೆನ್ನಿನಲ್ಲಿ ಬರೆದೇ ಜೆರಾಕ್ಸ್‌ಗೆ ಕೊಡುವುದು.

ನಿಮ್ಮ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಇದ್ದರೆ ಇದನ್ನೆಲ್ಲ ಬಿಟ್ಟು ಮೊದಲು ಅವರ ಹತ್ತಿರ ಹೋಗಿ. ನಮ್ಮಲ್ಲಿಲ್ಲ, ಅದಕ್ಕೇ ಈ ಸರ್ಕಸ್ಸು.

ಮೈಸೂರಿನಲ್ಲೇ ಇದ್ದೀರಲ್ಲ, ಅರಮನೆಯಿಂದ ಶುರು ಮಾಡಿ. 1897ರಲ್ಲಿ ಮೈಸೂರು ಅರಮನೆಗೆ ಬೆಂಕಿ ಬಿದ್ದ ದೃಶ್ಯ ಬಿಡಿಸು ಅಂತ ಹೇಳಿ ನೋಡಿ. ಅವತ್ತು ಸುಟ್ಟದ್ದು ಹಳೆಯ ಮರದ ಅರಮನೆ. ಈಗ ದಸರೆಯಲ್ಲಿ ದೀಪ ಹಚ್ಚುವುದು 1912ರಲ್ಲಿ ಮುಗಿದದ್ದಕ್ಕೆ. ಎಐ ಈಗಿನ ಗುಮ್ಮಟದ ಅರಮನೆಗೇ ಬೆಂಕಿ ಹಚ್ಚಿಕೊಟ್ಟರೆ ತಿದ್ದಲು ಹೋಗಬೇಡಿ, ಹಾಗೇ ಜೆರಾಕ್ಸ್ ಮಾಡಿಸಿಕೊಂಡು ತರಗತಿಗೆ ಹೋಗಿ.