ಆರ್‌ಎಸ್‌ಐ 70 ದಾಟಿದ ತಕ್ಷಣ ಮಾರಬೇಕಾ?

ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಅಂದರೆ ಬೆಲೆಯ ಏರಿಳಿತದ ಜೋರನ್ನು 0ಯಿಂದ 100ರೊಳಗೆ ತೋರಿಸುವ ಇಂಡಿಕೇಟರ್) 70 ದಾಟಿತು ಅಂತ ಶೇರು ಮಾರಿದೆ, ಆಮೇಲೂ ಅದು ಏರುತ್ತಲೇ ಹೋಯಿತು, ಈ ಇಂಡಿಕೇಟರ್ ಸುಳ್ಳಾ ಅಂತ ಕೇಳಿದ್ದೀರಿ. ಸುಳ್ಳಲ್ಲ ಸರ್, ಅದು ಹೇಳುವುದೇ ಬೇರೆ.

1978ರಲ್ಲಿ ಅಮೆರಿಕದ ಚಾರ್ಟ್ ವಿಶ್ಲೇಷಕ ವೆಲ್ಸ್ ವೈಲ್ಡರ್ ಕೊಟ್ಟ ಲೆಕ್ಕ ಇದು. ಸಾಮಾನ್ಯವಾಗಿ 14 ದಿನದ ಸರಾಸರಿ ಏರಿಕೆಯನ್ನು ಸರಾಸರಿ ಇಳಿಕೆಯ ಜೊತೆ ತೂಗುತ್ತದೆ. ಏರಿಕೆ ಇಳಿಕೆಯ ಎರಡರಷ್ಟಿದ್ದರೆ ಸುಮಾರು 67, ಮೂರರಷ್ಟಿದ್ದರೆ 75. ಅಂದರೆ 70 ದಾಟಿತು ಅಂದರೆ ಕೊಳ್ಳುವವರ ಜೋರು ಜಾಸ್ತಿ ಇದೆ ಅಂತ, ಅಷ್ಟೇ. ನಮ್ಮ ಶಿರಸಿ ಪೇಟೆಯಲ್ಲಿ ರಾಶಿ ಅಡಿಕೆ ದರ ನಾಲ್ಕು ವಾರ ಏರಿದ ಮಾತ್ರಕ್ಕೆ ಐದನೇ ವಾರ ಇಳಿಯಲೇಬೇಕು ಅಂತೇನಿಲ್ಲ, ಅಲ್ವಾ?

ಮೊದಲು ಚಾರ್ಟಿನಲ್ಲಿ 200 ದಿನದ ಸರಾಸರಿ ಬೆಲೆಯ ಗೆರೆ ನೋಡಿ. ಬೆಲೆ ಅದರ ಮೇಲಿದ್ದು, ಆ ಗೆರೆಯೂ ಏರುತ್ತಿದ್ದರೆ 70ಕ್ಕೆ ಹೆದರಿ ಮಾರಬೇಡಿ. ಆರ್‌ಎಸ್‌ಐ 70ರಿಂದ ಕೆಳಗೆ ಬಂದು, ಬೆಲೆಯೂ ಹಿಂದಿನ ಸಲ ಇಳಿದು ನಿಂತಿದ್ದ ಮಟ್ಟಕ್ಕಿಂತ ಕೆಳಗೆ ಹೋದರೆ ಆಗ ಮಾರುವ ಯೋಚನೆ ಮಾಡಿ. ಇಂಥ ಏರುಗತಿಯಲ್ಲಿ ಆರ್‌ಎಸ್‌ಐ ಇಳಿದರೂ ಎಷ್ಟೋ ಸಲ 40-50ರ ಹತ್ತಿರವೇ ಮತ್ತೆ ಮೇಲಕ್ಕೆ ತಿರುಗುತ್ತದೆ, 30ರ ತನಕ ಬರುವುದೇ ಇಲ್ಲ. 70ಕ್ಕೆ ಮಾರು, 30ಕ್ಕೆ ಕೊಳ್ಳು ಅನ್ನುವ ಲೆಕ್ಕ ಚೆನ್ನಾಗಿ ಕೂರುವುದು ಬೆಲೆ ಮೇಲೊಂದು ಕೆಳಗೊಂದು ಮಿತಿಯ ನಡುವೆಯೇ ಓಡಾಡುವಾಗ.

ಶೇರಿಗೆ ಹಾಕಿದ್ದು ಅಡಿಕೆ ಮಾರಿದ ದುಡ್ಡು ಅಂದಿರಿ. ದಯವಿಟ್ಟು ಕೊಳ್ಳುವ ಮೊದಲೇ ಸ್ಟಾಪ್‌ಲಾಸ್, ಅಂದರೆ ನಷ್ಟ ಬೆಳೆಯದಂತೆ ಮಾರಿಬಿಡುವ ಬೆಲೆ, ಎಲ್ಲಿ ಅಂತ ಬರೆದಿಟ್ಟುಕೊಳ್ಳಿ.

ಅಂದ ಹಾಗೆ, ನೀವು ನೋಡಿದ್ದು ದಿನದ ಚಾರ್ಟಾ, ಹದಿನೈದು ನಿಮಿಷದ್ದಾ?